ಆಪರೇಟಿಂಗ್ ಸಿಸ್ಟಮ್ ಪಾಠ: ಅಲ್ಗಾರಿದಮ್‌ಗಳಿಂದ ಆರಂಭಿಸಬೇಕೇ, ಕರ್ನಲ್ ಕೆಲಸ ಮಾಡುವ ಬಗೆಯಿಂದ ಆರಂಭಿಸಬೇಕೇ?

ಪ್ರಶ್ನೆ: ಪಾಠಶೋಧಕ

ಪದವಿ ತರಗತಿಗಳಿಗೆ ಆಪರೇಟಿಂಗ್ ಸಿಸ್ಟಮ್‌ನ ಮೂಲಪಾಠವನ್ನು ಬೋಧಿಸುತ್ತಿದ್ದೇನೆ. ಪಠ್ಯದ ಕ್ರಮ ಎಲ್ಲರಿಗೂ ಪರಿಚಿತವಾದದ್ದೇ: ವ್ಯಾಖ್ಯೆಗಳು, ಪ್ರೊಸೆಸ್‌ನ (ನಡೆಯುತ್ತಿರುವ ಪ್ರೋಗ್ರಾಂನ) ಸ್ಥಿತಿಗಳು, ಅವುಗಳಿಗೆ ಸರದಿ ಹಂಚುವ ಶೆಡ್ಯೂಲಿಂಗ್, ಸೆಮಾಫೋರ್, ಡೆಡ್‌ಲಾಕ್, ಪೇಜಿಂಗ್, ಕೊನೆಯಲ್ಲಿ ಫೈಲ್ ಸಿಸ್ಟಮ್. ವಿದ್ಯಾರ್ಥಿಗಳು ಸರದಿಯಂತೆ ಸಮಾನ ಅವಧಿ ಕೊಡುವ ರೌಂಡ್ ರಾಬಿನ್‌ಗೆ ಗ್ಯಾಂಟ್ ಚಾರ್ಟ್ ಬರೆದು ಸರಾಸರಿ ಕಾಯುವ ಸಮಯವನ್ನು ತಪ್ಪಿಲ್ಲದೆ ಲೆಕ್ಕ ಹಾಕುತ್ತಾರೆ. ಆದರೆ ಒಂದೇ ಕೋರ್ ಇರುವ ಯಂತ್ರದಲ್ಲಿ ಒಂದು ಪ್ರೋಗ್ರಾಂ ಕೊನೆಯಿಲ್ಲದ ಲೂಪ್‌ನಲ್ಲಿ ಸುತ್ತುತ್ತಿರುವಾಗ ಉಳಿದ ಪ್ರೋಗ್ರಾಂಗಳಿಗೆ ಸರದಿ ಹೇಗೆ ಸಿಗುತ್ತದೆ ಎಂದು ಕೇಳಿದರೆ, ಬಹುತೇಕರು ‘ಆಪರೇಟಿಂಗ್ ಸಿಸ್ಟಮ್ ನೋಡಿಕೊಳ್ಳುತ್ತದೆ’ ಎಂಬಲ್ಲಿಗೆ ನಿಲ್ಲಿಸುತ್ತಾರೆ. ಪ್ರೊಸೆಸರ್ ಆ ಲೂಪ್‌ನ ವಶದಲ್ಲೇ ಇರುವಾಗ ನೋಡಿಕೊಳ್ಳುವವರು ಯಾರು ಎಂಬ ಮುಂದಿನ ಪ್ರಶ್ನೆ ಅವರಿಗೆ ಹೊಳೆಯುವುದೇ ಇಲ್ಲ.

ಪಾಠದ ಕ್ರಮವನ್ನೇ ಬದಲಿಸಬೇಕೆಂದು ಯೋಚಿಸುತ್ತಿದ್ದೇನೆ. ಎಲ್ಲಿಂದ ಆರಂಭಿಸುವುದು ಒಳ್ಳೆಯದು? ಸಿ ಭಾಷೆಯಲ್ಲಿ ಇನ್ನೂ ಹಿಡಿತ ಬಾರದ ವಿದ್ಯಾರ್ಥಿಗಳ ಮುಂದೆ ಎಕ್ಸ್‌ವಿ6ನಂತಹ ಬೋಧನಾ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಭಾಗ) ಇಡಬಹುದೇ? ಸಮಯ ಹೊಂದಿಸಲು ಅಲ್ಗಾರಿದಮ್‌ಗಳ ಭಾಗದಲ್ಲಿ ಎಷ್ಟನ್ನು ಕಡಿಮೆ ಮಾಡಬಹುದು?

ಉತ್ತರ 1: ಟ್ರ್ಯಾಪ್‌ಫ್ರೇಮ್

ನಿಮ್ಮ ಆ ಲೂಪ್‌ನ ಪ್ರಶ್ನೆಯನ್ನೇ ಮೊದಲ ತರಗತಿಯ ವಿಷಯವಾಗಿಸಿ ಎಂಬುದು ನನ್ನ ಸಲಹೆ. ಕರ್ನಲ್ ಎಂದರೆ ಹಿನ್ನೆಲೆಯಲ್ಲಿ ಸದಾ ಎಚ್ಚರವಾಗಿದ್ದು ಎಲ್ಲವನ್ನೂ ಗಮನಿಸುತ್ತಿರುವ ಒಂದು ಮೇಲ್ವಿಚಾರಕ ಪ್ರೋಗ್ರಾಂ ಎಂಬ ಕಲ್ಪನೆ ವಿದ್ಯಾರ್ಥಿಗಳಲ್ಲಿ ಬಲವಾಗಿ ಬೇರೂರಿರುತ್ತದೆ, ಮತ್ತು ನಾವು ಬಳಸುವ ವ್ಯಾಖ್ಯೆಗಳು ಅದನ್ನು ಇನ್ನಷ್ಟು ಗಟ್ಟಿಗೊಳಿಸುತ್ತವೆ. ವಾಸ್ತವದಲ್ಲಿ ಬಳಕೆದಾರರ ಪ್ರೋಗ್ರಾಂ ನಡೆಯುತ್ತಿರುವಾಗ ಆ ಕೋರ್‌ನಲ್ಲಿ ಕರ್ನಲ್ ನಡೆಯುತ್ತಿರುವುದಿಲ್ಲ. ಪ್ರೋಗ್ರಾಂ ತಾನಾಗಿ ಸಿಸ್ಟಮ್ ಕಾಲ್ ಮಾಡಿ ಕರ್ನಲ್‌ನ ಸೇವೆ ಕೇಳಿದಾಗ, ಅದು ನಿಷೇಧಿತ ವಿಳಾಸವನ್ನು ಮುಟ್ಟುವಂತಹ ಅಪವಾದ ಉಂಟಾದಾಗ, ಅಥವಾ ಹೊರಗಿನ ಸಾಧನವೊಂದು ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ತಡೆಯುವ ಸಂಕೇತ) ಕಳುಹಿಸಿದಾಗ ಮಾತ್ರ ನಿಯಂತ್ರಣ ಕರ್ನಲ್‌ಗೆ ಬರುತ್ತದೆ. ಈ ಮಾತು ಮನದಟ್ಟಾದರೆ ಟೈಮರ್ ಇಂಟರಪ್ಟ್ ಏಕೆ ಬೇಕು ಎಂಬುದನ್ನು ಬೇರೆಯಾಗಿ ವಿವರಿಸಬೇಕಾಗುವುದಿಲ್ಲ: ಕರ್ನಲ್ ಪ್ರೊಸೆಸರನ್ನು ಬಿಟ್ಟುಕೊಡುವ ಮುನ್ನವೇ ಟೈಮರ್‌ಗೆ ಅವಧಿ ನಿಗದಿಪಡಿಸಿರುತ್ತದೆ, ಅವಧಿ ಮುಗಿದೊಡನೆ ಹಾರ್ಡ್‌ವೇರ್ ಆ ಲೂಪನ್ನು ನಡುವೆಯೇ ತಡೆದು ಕರ್ನಲ್ ಮೊದಲೇ ಗುರುತಿಸಿಟ್ಟ ವಿಳಾಸಕ್ಕೆ ಜಿಗಿಯುತ್ತದೆ, ರಿಜಿಸ್ಟರ್‌ಗಳನ್ನು ಉಳಿಸಿಟ್ಟ ನಂತರ ಶೆಡ್ಯೂಲರ್‌ಗೆ ಸರದಿ ಬರುತ್ತದೆ. ಲೂಪ್‌ನಲ್ಲಿದ್ದ ಪ್ರೋಗ್ರಾಂಗೆ ಇದಾವುದೂ ತಿಳಿಯುವುದಿಲ್ಲ.

ಇಲ್ಲಿ ಸ್ವಲ್ಪ ಇತಿಹಾಸವೂ ನೆರವಿಗೆ ಬರುತ್ತದೆ. ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ 1961ರಲ್ಲಿ ಸಿಟಿಎಸ್‌ಎಸ್ ಎಂಬ ಸಮಯ ಹಂಚಿಕೆಯ ವ್ಯವಸ್ಥೆಯನ್ನು ತೋರಿಸಿತು. ಮುಂದೆ ಅದು ನಡೆದ ಐಬಿಎಂ 7094 ಯಂತ್ರದಲ್ಲಿ ಅವಧಿ ಅಳೆಯುವ ಗಡಿಯಾರ ಮತ್ತು ಮೆಮೊರಿ ರಕ್ಷಣೆ ಎರಡನ್ನೂ ಒದಗಿಸಬೇಕಾಯಿತು. ಹಾರ್ಡ್‌ವೇರ್‌ನ ನೆರವಿಲ್ಲದೆ ಪ್ರೋಗ್ರಾಂಗಳ ನಡುವೆ ಪ್ರತ್ಯೇಕತೆ ಸಾಧ್ಯವಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಎರಡನೆಯ ತರಗತಿಯಲ್ಲಿ ಲಿನಕ್ಸ್‌ನ ಎಸ್‌ಟ್ರೇಸ್ ಬಳಸಿ, ಒಂದೇ ಸಾಲನ್ನು ಮುದ್ರಿಸುವ ಪ್ರೋಗ್ರಾಂ ಮಾಡುವ ಸಿಸ್ಟಮ್ ಕಾಲ್‌ಗಳನ್ನೆಲ್ಲ ಪರದೆಯ ಮೇಲೆ ತೋರಿಸಿ. ಎಕ್ಸೆಕ್‌ವಿಇಯಿಂದ ಆರಂಭವಾಗಿ, ಲೈಬ್ರರಿಯನ್ನು ತೆರೆದು ಮೆಮೊರಿಗೆ ಹೊಂದಿಸುವ ಹಲವು ಕಾಲ್‌ಗಳು ಮುಗಿದ ಮೇಲೆ, ಅವರು ಬರೆದ ಆ ಸಾಲು ಒಂದೇ ಒಂದು ರೈಟ್ ಆಗಿ ಕಾಣಿಸಿಕೊಳ್ಳುತ್ತದೆ. ಸಿಸ್ಟಮ್ ಕಾಲ್ ಆದ ಮಾತ್ರಕ್ಕೆ ಪ್ರೊಸೆಸ್ ಬದಲಾಗುವುದಿಲ್ಲ ಎಂಬುದನ್ನೂ ಅಲ್ಲೇ ಹೇಳಬೇಕು. ಮೋಡ್ ಬದಲಾವಣೆ (ಪ್ರೋಗ್ರಾಂನಿಂದ ಕರ್ನಲ್‌ಗೆ ಹೋಗುವುದು) ಮತ್ತು ಕಾಂಟೆಕ್ಸ್ಟ್ ಸ್ವಿಚ್ (ಒಂದು ಪ್ರೊಸೆಸ್‌ನಿಂದ ಇನ್ನೊಂದಕ್ಕೆ ಹೋಗುವುದು) ಒಂದೇ ಎಂದು ತಿಳಿದವರು ಸೆಮಿಸ್ಟರ್‌ನ ಕೊನೆಯವರೆಗೂ ಹಾಗೆಯೇ ತಿಳಿದಿರುತ್ತಾರೆ.

ಉತ್ತರ 2: ಮೂಲಸಂಕೇತ

ಟ್ರ್ಯಾಪ್‌ಫ್ರೇಮ್ ಅವರು ಹೇಳಿದ ಕ್ರಮಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಎಕ್ಸ್‌ವಿ6 ಕುರಿತು ಕೆಲವು ಮಾತು. ಅದು 1975ರ ಯೂನಿಕ್ಸ್ ಆರನೆಯ ಆವೃತ್ತಿಯ ಮಾದರಿಯಲ್ಲಿ ಎಂಐಟಿ 2006ರಲ್ಲಿ ಬೋಧನೆಗೆಂದೇ ರೂಪಿಸಿದ ಕರ್ನಲ್. ಈಗ ರಿಸ್ಕ್-ವಿ ಪ್ರೊಸೆಸರ್‌ಗೆ ಹೊಂದಿಕೊಂಡಿದೆ. ಒಬ್ಬ ವಿದ್ಯಾರ್ಥಿ ಇಡಿಯಾಗಿ ಓದಿ ಮುಗಿಸಬಹುದಾದಷ್ಟು ಚಿಕ್ಕದು ಎಂಬುದೇ ಅದರ ಬೆಲೆ. ಆದರೂ ಸಿಯಲ್ಲಿ ಪಾಯಿಂಟರ್‌ಗಳ ಬಗ್ಗೆ ಭಯವಿರುವವರಿಗೆ ಅದನ್ನು ಮೊದಲ ವಾರದಲ್ಲೇ ಕೊಟ್ಟರೆ ಅವರ ಶ್ರಮವೆಲ್ಲ ಭಾಷೆಯ ಮೇಲೆ ವ್ಯಯವಾಗುತ್ತದೆ, ವಿಷಯ ಹಿಂದೆ ಉಳಿಯುತ್ತದೆ.

ಆದ್ದರಿಂದ ಮೊದಲ ಪ್ರಯೋಗವಾಗಿ ಬಳಕೆದಾರರ ಮಟ್ಟದಲ್ಲೇ ಒಂದು ಸಣ್ಣ ಶೆಲ್ (ಆಜ್ಞೆಗಳನ್ನು ಓದಿ ಪ್ರೋಗ್ರಾಂಗಳನ್ನು ನಡೆಸುವ ಪ್ರೋಗ್ರಾಂ) ಬರೆಸಿ. ಹೊಸ ಪ್ರೊಸೆಸ್ ಸೃಷ್ಟಿಸುವ ಫೋರ್ಕ್ ಮತ್ತು ಹೊಸ ಪ್ರೋಗ್ರಾಂ ತುಂಬುವ ಎಕ್ಸೆಕ್ ಎರಡು ಬೇರೆ ಬೇರೆ ಕಾಲ್‌ಗಳಾಗಿ ಏಕಿವೆ ಎಂಬುದು ಯಾವ ವಿವರಣೆಯಿಂದಲೂ ಅಷ್ಟು ಚೆನ್ನಾಗಿ ತಿಳಿಯುವುದಿಲ್ಲ. ಶೆಲ್‌ನಲ್ಲಿ ಔಟ್‌ಪುಟನ್ನು ಫೈಲ್‌ಗೆ ತಿರುಗಿಸುವ ಭಾಗವನ್ನು ಬರೆಯುವಾಗ, ಆ ಎರಡರ ನಡುವಿನ ಬಿಡುವಿನಲ್ಲಿ ಮಗು ಪ್ರೊಸೆಸ್ ತನ್ನ ಫೈಲ್ ಡಿಸ್ಕ್ರಿಪ್ಟರ್ 1ನ್ನು (ಔಟ್‌ಪುಟ್ ಹೋಗುವ ಜಾಗದ ಸಂಖ್ಯೆ) ಮುಚ್ಚಿ ಬೇರೆ ಫೈಲನ್ನು ಅದೇ ಸಂಖ್ಯೆಗೆ ತೆರೆಯಬಹುದೆಂದೂ, ನಂತರ ಬರುವ ಪ್ರೋಗ್ರಾಂಗೆ ಇದರ ಸುಳಿವೇ ಇರಬೇಕಿಲ್ಲವೆಂದೂ ವಿದ್ಯಾರ್ಥಿ ತಾನೇ ಕಂಡುಕೊಳ್ಳುತ್ತಾನೆ.

ಇದರ ಜೊತೆಗೆ ಒಂದು ಒಗಟನ್ನೂ ಕೊಡಬಹುದು. ಪ್ರಿಂಟ್‌ಎಫ್‌ನಿಂದ ಒಂದು ಸಾಲು ಮುದ್ರಿಸಿ ನಂತರ ಫೋರ್ಕ್ ಮಾಡುವ ಪ್ರೋಗ್ರಾಂ ಟರ್ಮಿನಲ್‌ನಲ್ಲಿ ಆ ಸಾಲನ್ನು ಒಮ್ಮೆ ತೋರಿಸುತ್ತದೆ. ಅದೇ ಔಟ್‌ಪುಟನ್ನು ಫೈಲ್‌ಗೆ ಕಳುಹಿಸಿದರೆ ಸಾಲು ಎರಡು ಬಾರಿ ಬರುತ್ತದೆ. ಟರ್ಮಿನಲ್‌ಗೆ ಬರೆಯುವಾಗ ಸಾಲು ಮುಗಿದೊಡನೆ ಲೈಬ್ರರಿಯ ಬಫರ್ (ಬರೆಯಬೇಕಾದದ್ದನ್ನು ತಾತ್ಕಾಲಿಕವಾಗಿ ಇಡುವ ಜಾಗ) ಖಾಲಿಯಾಗುತ್ತದೆ, ಫೈಲ್‌ಗೆ ಬರೆಯುವಾಗ ಹಾಗಾಗುವುದಿಲ್ಲ, ತುಂಬಿದ ಬಫರ್ ಫೋರ್ಕ್‌ನಲ್ಲಿ ಮೆಮೊರಿಯ ಜೊತೆಗೇ ನಕಲಾಗಿ ಎರಡೂ ಪ್ರೊಸೆಸ್‌ಗಳು ಅದನ್ನು ಬರೆಯುತ್ತವೆ. ಲೈಬ್ರರಿ ಎಲ್ಲಿ ಮುಗಿಯುತ್ತದೆ, ಕರ್ನಲ್ ಎಲ್ಲಿ ಆರಂಭವಾಗುತ್ತದೆ ಎಂಬ ಗೆರೆ ಆಗ ಕಣ್ಣಿಗೆ ಕಾಣುತ್ತದೆ.

ಶೆಲ್ ಮುಗಿದ ಮೇಲೆ ಎಕ್ಸ್‌ವಿ6 ತೆರೆಯಿರಿ, ಆದರೆ ಆರಂಭದಲ್ಲಿ ಓದುವುದಕ್ಕೆ ಮಾತ್ರ. ಒಂದೇ ಸಿಸ್ಟಮ್ ಕಾಲನ್ನು ಜಿಡಿಬಿ ಎಂಬ ದೋಷಶೋಧಕ ಸಾಧನದಲ್ಲಿ ಹೆಜ್ಜೆ ಹೆಜ್ಜೆಯಾಗಿ ಹಿಂಬಾಲಿಸಿ ಬಳಕೆದಾರರ ಕಡೆಯಿಂದ ಕರ್ನಲ್‌ಗೆ ಹೋಗಿ ಮರಳುವ ಹಾದಿಯನ್ನು ಬರೆದುಕೊಳ್ಳಲಿ. ಹೊಸ ಸಿಸ್ಟಮ್ ಕಾಲ್ ಸೇರಿಸುವ ಕೆಲಸ ಆಮೇಲೆ.

ಥ್ರೆಡ್‌ಗಳ (ಒಂದೇ ಪ್ರೊಸೆಸ್‌ನೊಳಗೆ ಒಟ್ಟಿಗೆ ನಡೆಯುವ ಎಳೆಗಳ) ಪಾಠಕ್ಕೆ, ಎರಡು ಥ್ರೆಡ್‌ಗಳು ಒಂದೇ ಎಣಿಕೆಯನ್ನು ತಲಾ 10 ಲಕ್ಷ ಬಾರಿ ಹೆಚ್ಚಿಸುವ ಪ್ರೋಗ್ರಾಂ ಸಾಕು. ಬಹು ಕೋರ್‌ಗಳ ಯಂತ್ರದಲ್ಲಿ ಮೊತ್ತ ಸಾಮಾನ್ಯವಾಗಿ 20 ಲಕ್ಷಕ್ಕಿಂತ ಕಡಿಮೆ ಬರುತ್ತದೆ, ಪ್ರತಿ ಬಾರಿಯೂ ಬೇರೆ ಬರುತ್ತದೆ. ಕಂಪೈಲರ್‌ನ ಆಪ್ಟಿಮೈಸೇಶನ್ ಮಾತ್ರ ನಿಲ್ಲಿಸಿರಬೇಕು; ಇಲ್ಲವಾದರೆ ಅದು ಲೂಪನ್ನೇ ಒಂದು ಕೂಡಿಕೆಯಾಗಿಸಿಬಿಡಬಹುದು, ಉತ್ತರ ಸರಿಯಾಗಿ ಬಂದು ದೋಷ ಮರೆಯಾಗುತ್ತದೆ.

ಉತ್ತರ 3: ಪುಟವಿನ್ಯಾಸ

ಅಲ್ಗಾರಿದಮ್‌ಗಳನ್ನು ಎಷ್ಟು ಕಡಿಮೆ ಮಾಡಬಹುದು ಎಂಬುದಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಎಲ್ಲವನ್ನೂ ಒಂದೇ ಅಳತೆಯಲ್ಲಿ ಕತ್ತರಿಸುವುದು ಸರಿಯಲ್ಲ. ಡೆಡ್‌ಲಾಕ್ (ಪ್ರೊಸೆಸ್‌ಗಳು ಒಂದಕ್ಕೊಂದು ಕಾಯುತ್ತಾ ನಿಂತುಬಿಡುವುದು) ತಪ್ಪಿಸುವ ಬ್ಯಾಂಕರ್ಸ್ ಅಲ್ಗಾರಿದಮ್‌ನ ಕೋಷ್ಟಕಗಳಿಗೆ ಒಂದು ತರಗತಿಗಿಂತ ಹೆಚ್ಚು ಕೊಡಬೇಕಿಲ್ಲ. ಪ್ರತಿ ಪ್ರೊಸೆಸ್‌ಗೆ ಗರಿಷ್ಠ ಎಷ್ಟು ಸಂಪನ್ಮೂಲ ಬೇಕೆಂದು ಮೊದಲೇ ತಿಳಿದಿರಬೇಕೆಂಬ ಷರತ್ತು ಸಾಮಾನ್ಯ ಬಳಕೆಯ ವ್ಯವಸ್ಥೆಗಳಿಗೆ ಹೊಂದುವುದಿಲ್ಲ. ಲಾಕ್‌ಗಳನ್ನು (ಒಂದು ಸಂಪನ್ಮೂಲವನ್ನು ಒಮ್ಮೆಗೆ ಒಬ್ಬರೇ ಬಳಸುವಂತೆ ಮಾಡುವ ಬೀಗಗಳನ್ನು) ಎಲ್ಲೆಡೆಯೂ ಒಂದೇ ಕ್ರಮದಲ್ಲಿ ಹಿಡಿಯುವ ಶಿಸ್ತು ಹೆಚ್ಚು ಉಪಯುಕ್ತ. ಲಿನಕ್ಸ್ ಕರ್ನಲ್‌ನಲ್ಲಿ ಆ ಕ್ರಮವನ್ನು ಪರೀಕ್ಷಿಸುವ ಲಾಕ್‌ಡೆಪ್ ಎಂಬ ವ್ಯವಸ್ಥೆಯೇ ಇದೆ. ಶೆಡ್ಯೂಲಿಂಗ್‌ನ ಲೆಕ್ಕಗಳನ್ನೂ ಅರ್ಧಕ್ಕೆ ಇಳಿಸಬಹುದು. ಲಿನಕ್ಸ್ 2007ರಲ್ಲಿ ಸಿಎಫ್‌ಎಸ್ ಎಂಬ ಶೆಡ್ಯೂಲರ್ ಅಳವಡಿಸಿಕೊಂಡು, 2023ರ 6.6ನೇ ಆವೃತ್ತಿಯಲ್ಲಿ ಅದರ ಜಾಗಕ್ಕೆ ಇಇವಿಡಿಎಫ್ ತಂದಿತು. ನೀತಿ ಬದಲಾಯಿತು, ಟೈಮರ್ ಇಂಟರಪ್ಟ್ ಮತ್ತು ಕಾಂಟೆಕ್ಸ್ಟ್ ಸ್ವಿಚ್ ಹಾಗೆಯೇ ಉಳಿದವು.

ಪೇಜ್ (ಮೆಮೊರಿಯ ಸಮಾನ ಗಾತ್ರದ ತುಂಡು) ಬದಲಿಸುವ ಅಲ್ಗಾರಿದಮ್‌ಗಳನ್ನು ಮಾತ್ರ ದಯವಿಟ್ಟು ಕೈಬಿಡಬೇಡಿ. 1, 2, 3, 4, 1, 2, 5, 1, 2, 3, 4, 5 ಎಂಬ ಕ್ರಮದಲ್ಲಿ ಪೇಜ್‌ಗಳನ್ನು ಕೇಳಿದಾಗ, ಮೊದಲು ಬಂದದ್ದನ್ನು ಮೊದಲು ತೆಗೆಯುವ ನಿಯಮದಡಿ 3 ಫ್ರೇಮ್‌ಗಳಿದ್ದರೆ (ಪೇಜ್ ಇಡುವ ಮೆಮೊರಿಯ ಜಾಗಗಳು) 9 ಪೇಜ್ ಫಾಲ್ಟ್ (ಕೇಳಿದ ಪೇಜ್ ಮೆಮೊರಿಯಲ್ಲಿ ಇಲ್ಲದಿರುವುದು), 4 ಫ್ರೇಮ್‌ಗಳಿದ್ದರೆ 10. ಮೆಮೊರಿ ಹೆಚ್ಚಿಸಿದರೆ ಫಾಲ್ಟ್‌ಗಳೂ ಹೆಚ್ಚಾಗಬಹುದು ಎಂಬ ಈ ಬೆಲಾಡಿ ವೈಚಿತ್ರ್ಯವನ್ನು ಸ್ವತಃ ಲೆಕ್ಕ ಹಾಕಿ ಕಂಡ ವಿದ್ಯಾರ್ಥಿ, ಬಹಳ ಹೊತ್ತಿನಿಂದ ಬಳಸದ ಪೇಜನ್ನು ತೆಗೆಯುವ ಎಲ್‌ಆರ್‌ಯುನಲ್ಲಿ ಹೀಗೇಕೆ ಆಗುವುದಿಲ್ಲ ಎಂದು ತಾನಾಗಿಯೇ ಕೇಳುತ್ತಾನೆ. ಅಂತಹ ಪ್ರಶ್ನೆ ಹುಟ್ಟಿಸುವ ಲೆಕ್ಕಕ್ಕೆ ಸಮಯ ಕೊಡಲೇಬೇಕು.

ಪ್ರೋಗ್ರಾಂ ಬಳಸುವ ವಿಳಾಸವನ್ನು ನಿಜವಾದ ಮೆಮೊರಿಯ ವಿಳಾಸಕ್ಕೆ ಬದಲಿಸುವ ವಿಳಾಸ ಅನುವಾದವನ್ನೂ ಕೈಯಿಂದ ಮಾಡಿಸಿ. 32 ಬಿಟ್ ವಿಳಾಸ, 4096 ಬೈಟ್‌ಗಳ ಪೇಜ್, ಪ್ರತಿ ನಮೂದಿಗೆ 4 ಬೈಟ್ ಎಂದಿಟ್ಟುಕೊಂಡರೆ, ಒಂದೇ ಹಂತದ ಪೇಜ್ ಟೇಬಲ್‌ಗೆ 10,48,576 ನಮೂದುಗಳು, ಅಂದರೆ ಪ್ರತಿ ಪ್ರೊಸೆಸ್‌ಗೂ 4 ಮೆಗಾಬೈಟ್ ಬೇಕಾಗುತ್ತದೆ. ಎರಡು ಹಂತಗಳ ಟೇಬಲ್ ಏಕೆ ಬಂತು ಎಂಬುದಕ್ಕೆ ಈ ಲೆಕ್ಕವೇ ಉತ್ತರ.

ಆದ್ಯತೆಯ ತಲೆಕೆಳಗಾಗುವಿಕೆಯನ್ನು ವಿವರಿಸಲು 1997ರ ಮಾರ್ಸ್ ಪಾತ್‌ಫೈಂಡರ್ ಪ್ರಸಂಗವನ್ನು ತೆಗೆದುಕೊಳ್ಳಿ. ಕಡಿಮೆ ಆದ್ಯತೆಯ ಕೆಲಸ ಹಿಡಿದಿದ್ದ ಲಾಕ್‌ಗಾಗಿ ಹೆಚ್ಚಿನ ಆದ್ಯತೆಯ ಕೆಲಸ ಕಾಯುತ್ತಿದ್ದಾಗ ಮಧ್ಯಮ ಆದ್ಯತೆಯವು ನಡುವೆ ಬಂದು ಪ್ರೊಸೆಸರನ್ನು ಆಕ್ರಮಿಸಿದವು, ಗಡುವು ತಪ್ಪಿತು, ಮಂಗಳನ ಮೇಲಿದ್ದ ಕಂಪ್ಯೂಟರ್ ಮತ್ತೆ ಮತ್ತೆ ರೀಸೆಟ್ ಆಯಿತು. ಆ ಲಾಕ್‌ಗೆ ಆದ್ಯತೆಯ ವರ್ಗಾವಣೆಯನ್ನು (ಕಾಯುತ್ತಿರುವವರ ಆದ್ಯತೆ ಲಾಕ್ ಹಿಡಿದವರಿಗೆ ಸಿಗುವುದು) ಸಕ್ರಿಯಗೊಳಿಸಿದ ಮೇಲೆ ತೊಂದರೆ ನಿಂತಿತು.

ಮರುಪ್ರಶ್ನೆ: ಪಾಠಶೋಧಕ

ಮೂವರಿಗೂ ಕೃತಜ್ಞತೆಗಳು. ಟೈಮರ್ ಇಂಟರಪ್ಟ್‌ನಿಂದ ಆರಂಭಿಸಿ, ಶೆಲ್ ಬರೆಸಿ, ಆನಂತರ ಎಕ್ಸ್‌ವಿ6 ಓದಿಸುವ ಕ್ರಮವನ್ನು ಒಪ್ಪಿಕೊಂಡಿದ್ದೇನೆ. ಇನ್ನು ಉಳಿದಿರುವುದು ಪರೀಕ್ಷೆ. ಪ್ರಶ್ನೆಪತ್ರಿಕೆ ವ್ಯಾಖ್ಯೆಗಳನ್ನೇ ಕೇಳಿದರೆ ಈ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಪ್ರಯೋಗಗಳ ಉತ್ತರವಾದರೋ ಒಬ್ಬರಿಂದೊಬ್ಬರಿಗೆ ಹರಿದಾಡುತ್ತದೆ. ನೀವು ಏನು ಮಾಡುತ್ತೀರಿ?

ಉತ್ತರ 4: ಮೂಲಸಂಕೇತ

ಪ್ರಯೋಗಕ್ಕೆ ಅಂಕ ಕೊಡುವಾಗ ಪ್ರತಿಯೊಬ್ಬರೊಡನೆ ಕೆಲವು ನಿಮಿಷ ಕುಳಿತು, ಅವರದೇ ಕೋಡ್‌ನ ಒಂದು ಸಾಲನ್ನು ತೆಗೆದರೆ ಏನಾಗುತ್ತದೆ ಎಂದು ಕೇಳುತ್ತೇನೆ. ಶೆಲ್‌ನಲ್ಲಿ ಮಗು ಪ್ರೊಸೆಸ್ ಮುಗಿಯುವವರೆಗೆ ಕಾಯುವ ವೇಟ್ ಕಾಲನ್ನು ತೆಗೆದರೆ ಮುಗಿದ ಪ್ರೊಸೆಸ್‌ಗಳು ಏನಾಗುತ್ತವೆ, ಎರಡು ಪ್ರೊಸೆಸ್‌ಗಳ ನಡುವೆ ದತ್ತಾಂಶ ಸಾಗಿಸುವ ಪೈಪ್‌ನ ಬರೆಯುವ ತುದಿಯನ್ನು ತಂದೆ ಪ್ರೊಸೆಸ್ ಮುಚ್ಚದಿದ್ದರೆ ಓದುವವರು ಏಕೆ ಕಾಯುತ್ತಲೇ ಇರುತ್ತಾರೆ ಎಂಬ ಪ್ರಶ್ನೆಗಳಿಗೆ, ಕೋಡನ್ನು ಬೇರೆಯವರಿಂದ ಪಡೆದವರು ಉತ್ತರಿಸಲಾರರು.

ಲಿಖಿತ ಪರೀಕ್ಷೆಯಲ್ಲಿ ವ್ಯಾಖ್ಯೆಯ ಬದಲು ಒಂದು ಸನ್ನಿವೇಶ ಕೊಡಿ. ಉದಾಹರಣೆಗೆ, ಸೆಟ್ಟಿಂಗ್ಸ್ ಫೈಲನ್ನು ಖಾಲಿ ಮಾಡಿ ಹೊಸದಾಗಿ ಬರೆಯುವ ಪ್ರೋಗ್ರಾಂ ನಡುವೆಯೇ ವಿದ್ಯುತ್ ಹೋದರೆ ಡಿಸ್ಕ್‌ನಲ್ಲಿ ಏನೇನು ಉಳಿದಿರಬಹುದು ಎಂದು ಕೇಳಿ. ಹೊಸ ವಿಷಯವನ್ನು ತಾತ್ಕಾಲಿಕ ಫೈಲ್‌ಗೆ ಬರೆದು, ಎಫ್‌ಸಿಂಕ್ ಮಾಡಿ (ದತ್ತಾಂಶವನ್ನು ಡಿಸ್ಕ್‌ಗೆ ತಲುಪಿಸಿ), ಆಮೇಲೆ ಹಳೆಯ ಹೆಸರಿಗೆ ರಿನೇಮ್ ಮಾಡಬೇಕೆಂದು ಬರೆದವರಿಗೆ ಅರ್ಧ ಅಂಕ. ಆ ಮೂರು ಹೆಜ್ಜೆಗಳಲ್ಲಿ ಎಫ್‌ಸಿಂಕ್ ಬಿಟ್ಟರೆ ರಿನೇಮ್ ಏಕೆ ಸಾಲುವುದಿಲ್ಲ ಎಂಬುದನ್ನು, ರೈಟ್ ಮರಳಿದಾಗ ದತ್ತಾಂಶ ಇನ್ನೂ ಕರ್ನಲ್‌ನ ಮೆಮೊರಿಯಲ್ಲೇ ಇರಬಹುದು ಎಂಬ ಕಾರಣದೊಡನೆ ವಿವರಿಸಿದವರಿಗೆ ಪೂರ್ಣ ಅಂಕ.