ಬೋರ್ ಇನ್ನೂ ಆಳಕ್ಕೆ ಹೋದರೆ ಲಾವಾ ಸಿಗುತ್ತಾ?

ಪ್ರಶ್ನೆ (ಅಕ್ಕಲಕೋಟೆ ತಾಲೂಕಿನ ರೈತ ಮಹಿಳೆ): ನಮಸ್ಕಾರ ಸರ್. ಹೊಲದಲ್ಲಿ 450 ಅಡಿ ಬೋರ್ ಹಾಕಿಸಿದೆವು. ಬರೀ ಕರಿಕಲ್ಲಿನ ಪುಡಿ, ನಡುವೆ ಒಮ್ಮೆ ಕೆಂಪು ಮಣ್ಣು. ಒಂಬತ್ತನೇ ಕ್ಲಾಸಿನ ಮಗ ಇನ್ನೂ ಕೊರೆದರೆ ಲಾವಾ ಬರುತ್ತದೆ ಅಂತಾನೆ. 1993ರ ಭೂಕಂಪದಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿ ನಡುಗಿದ್ದು ಬೋರ್‌ಗಳಿಂದಲೇ ಅಂತ ನಮ್ಮ ಅತ್ತೆ ಹೇಳ್ತಾರೆ. ನಿಜವಾ?

ಉತ್ತರ (ಭೂವಿಜ್ಞಾನಿ): ಅಕ್ಕಾ, ಆ ಕರಿಕಲ್ಲೇ ಲಾವಾ! ಸುಮಾರು 6.6 ಕೋಟಿ ವರ್ಷ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದು ಆರಿದ್ದು. ಒಂದೇ ಸಲ ಅಲ್ಲ, ಪದರದ ಮೇಲೆ ಪದರ. ಒಂದು ಪದರ ಆರಿ, ಮೇಲ್ಭಾಗ ಮಣ್ಣಾದ ಮೇಲೆ ಮತ್ತೊಂದು ಹರಿದಿದೆ. ನಿಮಗೆ ಸಿಕ್ಕ ಕೆಂಪು ಮಣ್ಣು ಹೆಚ್ಚಾಗಿ ಆ ನಡುಗಾಲದ್ದೇ. ಅದನ್ನು ಮಗನಿಗೆ ಖಂಡಿತ ತೋರಿಸಿ.

ಆದರೆ ಕೆಳಗೆ ಲಾವಾ ಸಮುದ್ರ ಇಲ್ಲ. ಕಿಲ್ಲಾರಿಯಲ್ಲಿ ವಿಜ್ಞಾನಿಗಳು ಕೊರೆದಾಗ ಕರಿಕಲ್ಲು 338 ಮೀಟರಿಗೆ ಮುಗಿದು, ಅದರಡಿ ಇನ್ನೂ ಹಳೆಯ ಬಂಡೆ ಸಿಕ್ಕಿತು. ನಿಮ್ಮ ಬೋರ್ ಸುಮಾರು 137 ಮೀಟರ್. ಭೂಮಿಯ ತೊಗಟೆ ನಮ್ಮ ಕಡೆ 35-40 ಕಿಲೋಮೀಟರ್ ದಪ್ಪ. ಅದರ ಕೆಳಗೆ ಸುಮಾರು 2,900 ಕಿಲೋಮೀಟರ್ ಆಳದವರೆಗೆ ಮ್ಯಾಂಟಲ್. ಅದೂ ಬಹುಪಾಲು ಗಟ್ಟಿ ಕಲ್ಲೇ. ಡಾಂಬರಿನ ಗಟ್ಟಿ ನೋಡಿದ್ದೀರಲ್ಲ? ಸುತ್ತಿಗೆಯಿಂದ ಹೊಡೆದರೆ ಚೂರಾಗುತ್ತದೆ, ಬಿಸಿಲಲ್ಲಿ ಬಿಟ್ಟರೆ ಮೆಲ್ಲಗೆ ಹರಡುತ್ತದೆ. ಮ್ಯಾಂಟಲ್ ಕೂಡ ಹಾಗೆ, ಲಕ್ಷಾಂತರ ವರ್ಷಗಳಲ್ಲಿ ಮೆಲ್ಲಗೆ ಹರಿಯುತ್ತದೆ. ಅದರಿಂದಲೇ ಮೇಲಿನ ಪ್ಲೇಟುಗಳು, ಅಂದರೆ ಭೂಮಿಯ ಗಟ್ಟಿ ಹೊರಪದರದ ದೊಡ್ಡ ದೊಡ್ಡ ಹೋಳುಗಳು, ಸರಿಯಲು ಸಾಧ್ಯ.

ಪ್ರಶ್ನೆ (ಸೊಲ್ಲಾಪುರದ ಶಿಕ್ಷಕರು): ಒಳಗೆ ಯಾರೂ ಹೋಗಿ ನೋಡಿಲ್ಲ. ಮತ್ತೆ ಹೇಗೆ ಗೊತ್ತು ಸರ್? ಮಕ್ಕಳು ಇದನ್ನೇ ಕೇಳ್ತಾರೆ.

ಉತ್ತರ: ತುಂಬ ಒಳ್ಳೆ ಪ್ರಶ್ನೆ ಗುರುಗಳೇ. ರಷ್ಯಾದ ಕೋಲಾದಲ್ಲಿ 12,262 ಮೀಟರ್ ಕೊರೆದರು. ತಳದಲ್ಲಿ 180 ಡಿಗ್ರಿ ಬಿಸಿ, ಆದರೂ ಗಟ್ಟಿ ಕಲ್ಲು. ಭೂಮಿಯ ನಡುವಿಗೆ 6,371 ಕಿಲೋಮೀಟರ್, ಹಾಗಾಗಿ ಅದು ಬರೀ ಸಿಪ್ಪೆ ಕೆರೆದಷ್ಟು. ಉಳಿದದ್ದನ್ನು ಭೂಕಂಪದ ಅಲೆಗಳೇ ಹೇಳಿವೆ. ಒಂದು ಬಗೆಯ ಅಲೆ ದ್ರವದೊಳಗೆ ಸಾಗುವುದಿಲ್ಲ. ಅದು ಮ್ಯಾಂಟಲ್ ದಾಟಿ ಬರುತ್ತದೆ, ಕೆಳಗಿನ ಹೊರ ತಿರುಳಲ್ಲಿ ನಿಂತುಬಿಡುತ್ತದೆ. ಅಂದರೆ ಮ್ಯಾಂಟಲ್ ಗಟ್ಟಿ, ಹೊರ ತಿರುಳು ಕರಗಿದ ಕಬ್ಬಿಣ, ನಿಕ್ಕಲ್. ಅದರೊಳಗೆ ಮತ್ತೆ ಗಟ್ಟಿ ತಿರುಳು ಇದೆ; ಆ ಒಳ ತಿರುಳನ್ನು 1936ರಲ್ಲಿ ಗುರುತಿಸಿದವರು ಡೆನ್ಮಾರ್ಕಿನ ಇಂಗೆ ಲೇಮನ್ ಎಂಬ ಮಹಿಳೆ. ನಿಮ್ಮ ಹುಡುಗಿಯರಿಗೆ ಈ ಹೆಸರು ತಪ್ಪದೆ ಹೇಳಿ.

ಪ್ರಶ್ನೆ (ಮೊದಲಿನವರು): ಪ್ಲೇಟಿನ ಅಂಚು ಹಿಮಾಲಯದ ಹತ್ತಿರ ಅಲ್ವಾ? ಮತ್ತೆ ಕಿಲ್ಲಾರಿ?

ಉತ್ತರ: ಹೌದು ಅಕ್ಕಾ, ಅಂಚು ದೂರ. ಆದರೆ ನಮ್ಮ ಪ್ಲೇಟು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿದು ಏಷ್ಯಾವನ್ನು ಒತ್ತುತ್ತಿದೆ. ಆ ಒತ್ತಡ ಇಡೀ ಪ್ಲೇಟಿಗೆ ಹಬ್ಬುತ್ತದೆ. ಒಳಗೆ ಹಳೆಯ ಬಿರುಕು ಇದ್ದಲ್ಲಿ ಒಂದು ದಿನ ಜಾರುತ್ತದೆ. ಕಿಲ್ಲಾರಿಯಲ್ಲಿ ಬಂಡೆ ಜಾರಿದ್ದು ಕಿಲೋಮೀಟರ್‌ಗಟ್ಟಲೆ ಆಳದಲ್ಲಿ. ರೈತರ ಬೋರ್ ಅಲ್ಲಿಗೆ ಮುಟ್ಟುವುದೇ ಇಲ್ಲ, ಅತ್ತೆಯವರಿಗೆ ಧೈರ್ಯವಾಗಿ ಹೇಳಿ.

ಸೆಪ್ಟೆಂಬರ್ 30ರ ನಸುಕಿನಲ್ಲಿ ಜನ ಮಲಗಿದ್ದರು. ತೀವ್ರತೆ 6.2. ಜೀವ ತೆಗೆದದ್ದು ಹೆಚ್ಚಾಗಿ ಮಣ್ಣಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲಿನ ಭಾರದ ಮಣ್ಣಿನ ಮಾಳಿಗೆ. ಸುಮಾರು ಹತ್ತು ಸಾವಿರ ಜನ ಹೋದರು.

ಪ್ರಶ್ನೆ: ನಮ್ಮದೂ ಹಳೆ ಮಾಳಿಗೆ ಮನೆ ಸರ್. ಮುಂದಿನ ವರ್ಷ ಎರಡು ಕೋಣೆ ಹೊಸದಾಗಿ ಕಟ್ಟಬೇಕು.

ಉತ್ತರ: ಹಾಗಾದರೆ ಮೇಸ್ತ್ರಿಗೆ ಈಗಲೇ ಹೇಳಿಡಿ. ಬಾಗಿಲು, ಕಿಟಕಿಗಳ ಮೇಲೆ ಲಿಂಟಲ್ ಮಟ್ಟದಲ್ಲಿ ಎಲ್ಲ ಗೋಡೆಗೂ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟ್ ಬೆಲ್ಟ್ ಬರಬೇಕು, ನಡುವೆ ಎಲ್ಲೂ ತುಂಡಾಗಬಾರದು. ಹಳೆ ಮಾಳಿಗೆ ಮೇಲೆ ಮಾತ್ರ ಇನ್ನು ಮಣ್ಣು ಏರಿಸಬೇಡಿ.