ಮೆಕ್ಯಾನಿಕ್ ಅಂತ ಸೇರಿದೆ, ಕೌಂಟರಿನಲ್ಲಿ ಕೂರಿಸಿದ್ದಾರೆ. ಏನು ಮಾಡಲಿ?

ಹಾಸನ_ಟ್ರೈನಿ

ಎಲ್ಲರಿಗೂ ನಮಸ್ಕಾರ. ನನಗೆ 21 ವರ್ಷ. ಐಟಿಐನಲ್ಲಿ ಎರಡು ವರ್ಷದ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಟ್ರೇಡ್ ಮುಗಿಸಿದ್ದೇನೆ. ನಮ್ಮ ಬ್ಯಾಚಿನಲ್ಲಿ ನಾನೊಬ್ಬಳೇ ಹುಡುಗಿ. ಎಂಟು ತಿಂಗಳ ಹಿಂದೆ ಒಂದು ಕಾರ್ ಸರ್ವಿಸ್ ಸೆಂಟರಿಗೆ ಟ್ರೈನಿ ಅಂತ ಸೇರಿದೆ. ಮೊದಲ ಹದಿನೈದು ದಿನ ಆಯಿಲ್ ಬದಲಾಯಿಸಿದೆ, ಬ್ರೇಕ್ ಬಿಚ್ಚಿ ಕ್ಲೀನ್ ಮಾಡಿದೆ. ಆಮೇಲೆ ಮ್ಯಾನೇಜರ್ ಕರೆದು, "ನೀನು ಚೆನ್ನಾಗಿ ಮಾತಾಡ್ತೀಯಮ್ಮ, ಮುಂದೆ ಕೌಂಟರಲ್ಲಿ ಕೂತ್ಕೋ" ಅಂದರು. ಅವತ್ತಿನಿಂದ ಜಾಬ್ ಕಾರ್ಡ್ ಬರೆಯುವುದು, ಗಿರಾಕಿಗಳಿಗೆ ಫೋನ್ ಮಾಡುವುದು, ಅಷ್ಟೇ. ನನ್ನ ಜೊತೆ ಸೇರಿದ ಹುಡುಗ ಈಗ ಕ್ಲಚ್ ಇಳಿಸುತ್ತಾನೆ.

ಕೇಳಿದರೆ ಮೂರು ಕಾರಣ ಹೇಳುತ್ತಾರೆ. ಭಾರ ಎತ್ತಲು ನಿನ್ನ ಕೈಲಿ ಆಗಲ್ಲ. ಸಂಜೆ ತಡ ಆದರೆ ಹೆಣ್ಣುಮಗಳನ್ನು ನಿಲ್ಲಿಸಿಕೊಳ್ಳಲು ಆಗಲ್ಲ. ಗಿರಾಕಿ ಒಪ್ಪಲ್ಲ. ಮೂರನೆಯದನ್ನು ನಾನೇ ಕಂಡಿದ್ದೇನೆ. ಒಮ್ಮೆ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ನೋಡುತ್ತಿದ್ದೆ. ಗಾಡಿಯವರು ಬಂದು, "ಯಾರಾದ್ರೂ ಮೆಕ್ಯಾನಿಕ್‌ನ ಕರೀರಿ" ಅಂದರು. ನಾನು ಯೂನಿಫಾರ್ಮಿನಲ್ಲೇ ಇದ್ದೆ.

ಈಗ ಎಲೆಕ್ಟ್ರಿಕ್ ಕಾರಿನ ಟ್ರೈನಿಂಗಿಗೆ ಇಬ್ಬರನ್ನು ಕಳಿಸುತ್ತಾರಂತೆ. ನನ್ನ ಹೆಸರು ಬರೆದಿದ್ದಾರೆ. "ಅದು ಲ್ಯಾಪ್‌ಟಾಪ್ ಕೆಲಸ, ಗ್ರೀಸ್ ಇಲ್ಲ, ಹೆಣ್ಣುಮಕ್ಕಳಿಗೆ ಸರಿಹೋಗುತ್ತೆ" ಅಂದರು. ಖುಷಿಪಡಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಅಮ್ಮ, "ಫ್ಯಾನ್ ಕೆಳಗೆ ಕೂತು ಅದೇ ಸಂಬಳ ಬರುತ್ತೆ, ಸುಮ್ನಿರು" ಅನ್ನುತ್ತಾಳೆ. ನನಗೆ ಗಾಡಿ ಕೆಲಸವೇ ಬೇಕು. ತಿಳಿದವರು ಹೇಳಿ.

ಯಶವಂತಪುರ_ಅಡ್ವೈಸರ್

ಕೌಂಟರ್ ಕೆಲಸ ಕಡಿಮೆ ಅಂತ ತಿಳಿಯಬೇಡಿ ಮೇಡಂ. ನಾನು ಒಂಬತ್ತು ವರ್ಷದಿಂದ ಸರ್ವಿಸ್ ಅಡ್ವೈಸರ್. ಇನ್ಸೆಂಟಿವ್ ಬರುತ್ತದೆ, ಮುಂದೆ ಮ್ಯಾನೇಜರ್ ಆಗಬಹುದು. ಆದರೆ ನಾನು ಇದನ್ನು ಕೇಳಿ ತೆಗೆದುಕೊಂಡೆ. ನಿಮ್ಮನ್ನು ಕೇಳದೆ ಕೂರಿಸಿದ್ದಾರೆ. ಅದು ಸರಿಯಲ್ಲ.

ಪಾನಾ_ಅಕ್ಕ, ಹುಬ್ಬಳ್ಳಿ

ತಂಗಿ, ನಾನು 2011ರಿಂದ ಇದೇ ಕೆಲಸದಲ್ಲಿದ್ದೇನೆ. ನನ್ನನ್ನೂ ಐದು ತಿಂಗಳು ಕೌಂಟರಿನಲ್ಲಿ ಕೂರಿಸಿದ್ದರು. ನೀನು ಬರೆದದ್ದು ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ಟ್ರೈನಿಂಗಿಗೆ ಖಂಡಿತ ಹೋಗು. ಆದರೆ ಅವರು ಕೊಟ್ಟ ಕಾರಣವನ್ನು ಮಾತ್ರ ಒಪ್ಪಬೇಡ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಮೊದಲು ಭಾರದ ಮಾತು. ಸಣ್ಣ ಕಾರಿನ ಚಕ್ರದ ನಟ್ ಬಿಗಿಯುವುದು ಸುಮಾರು 100 ನ್ಯೂಟನ್ ಮೀಟರಿಗೆ (ತಿರುಗಿಸುವ ಬಲದ ಅಳತೆ). ಅರ್ಧ ಮೀಟರ್ ಉದ್ದದ ರಾಡ್ ಹಿಡಿದರೆ ತುದಿಯಲ್ಲಿ 20 ಕಿಲೋ ಒತ್ತಡ ಸಾಕು. ಬಿಚ್ಚುವಾಗ ತುಕ್ಕು ಹಿಡಿದಿದ್ದರೆ ರಾಡಿಗೆ ಪೈಪ್ ಸಿಕ್ಕಿಸಿ ಒಂದು ಮೀಟರ್ ಮಾಡು. ಅದೇ 20 ಕಿಲೋಗೆ ಎರಡರಷ್ಟು ತಿರುಗಿಸುವ ಬಲ ಸಿಗುತ್ತದೆ. ಇದನ್ನು ಐಟಿಐನಲ್ಲಿ ನೀನೂ ಓದಿರುತ್ತೀಯ. ಗೇರ್‌ಬಾಕ್ಸ್ ಇಳಿಸಲು ಜಾಕಿ ಇದೆ. ಜಾಕಿ ಬಿಟ್ಟು ಗೇರ್‌ಬಾಕ್ಸನ್ನು ಎದೆಯ ಮೇಲೆ ಇಳಿಸಿಕೊಂಡ ನಮ್ಮ ಮೇಸ್ತ್ರಿ ನಲವತ್ತಕ್ಕೇ ಬೆನ್ನಿನ ಡಿಸ್ಕ್ ಹಾಳುಮಾಡಿಕೊಂಡರು. ಗಂಡಸರ ಬೆನ್ನೂ ಬೆನ್ನೇ ಅಲ್ವಾ?

ಇನ್ನು ಲ್ಯಾಪ್‌ಟಾಪ್ ಕೆಲಸ. ನನಗೆ ಜಾಸ್ತಿ ಚಿಂತೆ ಇರುವುದು ಇಲ್ಲೇ. ಮೊದಲು "ಹೆಣ್ಣಿಗೆ ಮಷಿನ್ ಅರ್ಥ ಆಗಲ್ಲ" ಅಂದರು. ಈಗ ಗಾಡಿ ತುಂಬಾ ಸೆನ್ಸರ್ ಬಂದ ಮೇಲೆ "ಹೆಣ್ಣುಮಕ್ಕಳಿಗೆ ತಾಳ್ಮೆ ಜಾಸ್ತಿ, ಬೆರಳು ನಾಜೂಕು, ಸ್ಕ್ಯಾನರ್ ಅವರೇ ಹಿಡಿಯಲಿ" ಅನ್ನುತ್ತಾರೆ. ಸ್ಕ್ಯಾನರ್ ಅಂದರೆ ಗಾಡಿಯ ಕಂಪ್ಯೂಟರ್ ಕೊಡುವ ಕೋಡ್ ಓದುವ ಸಾಧನ. ಕೇಳಲು ಹೊಗಳಿಕೆ. ಆದರೆ ನಟ್ ಬಿಚ್ಚುವ ಪಾನಾ ಆಗಲೂ ನಮ್ಮ ಕೈಯಲ್ಲಿ ಇರಲಿಲ್ಲ, ಈಗಲೂ ಇಲ್ಲ. 2021ರಲ್ಲಿ ಕೃಷ್ಣಗಿರಿ ಹತ್ತಿರದ ಓಲಾ ಸ್ಕೂಟರ್ ಕಾರ್ಖಾನೆಯನ್ನು ಪೂರ್ತಿ ಹೆಂಗಸರೇ ನಡೆಸುತ್ತಾರೆ, 10,000 ಮಂದಿಯ ಗುರಿ ಅಂತ ಪ್ರಕಟಿಸಿದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು. ಅವತ್ತು ನಮ್ಮ ಶಾಪಿನಲ್ಲಿ ಒಬ್ಬರು, "ಸ್ಕೂಟರ್ ಜೋಡಿಸೋದು ಹೂ ಕಟ್ಟಿದ ಹಾಗೆ, ಹೆಂಗಸರು ಮಾಡಬಹುದು" ಅಂದರು. ಹೆಂಗಸರು ಕೈಹಾಕಿದ ಕೂಡಲೇ ಕೆಲಸವೇ ಹಗುರ ಆಗಿಬಿಡುತ್ತದೆ ನೋಡು.

ಸ್ಕ್ಯಾನರ್ ಒಂದೇ ಹಿಡಿದರೆ ಏನಾಗುತ್ತದೆ ಅಂತ ಒಂದು ಗಾಡಿಯ ಕಥೆ ಹೇಳುತ್ತೇನೆ. ಒಂದು ಪೆಟ್ರೋಲ್ ಕಾರು ಬಂತು. ಚೆಕ್ ಎಂಜಿನ್ ಲೈಟ್ ಉರಿಯುತ್ತಿತ್ತು. ಕೋಡ್ ಪಿ0171, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಕಡಿಮೆ ಬೀಳುತ್ತಿದೆ ಅಂತ. ಬೇರೆ ಒಂದು ಕಡೆ ಕೋಡ್ ನೋಡಿದವರೇ ಆಕ್ಸಿಜನ್ ಸೆನ್ಸರ್ ಬದಲಾಯಿಸಿ ಬಿಲ್ ಮಾಡಿದ್ದರು. ವಾರಕ್ಕೆ ಲೈಟ್ ವಾಪಸ್. ನಾನು ಸ್ಕ್ಯಾನರ್ ಹಾಕಿ ಫ್ಯೂಯಲ್ ಟ್ರಿಮ್ ನೋಡಿದೆ. ಕಂಪ್ಯೂಟರ್ ತಾನಾಗಿ ಎಷ್ಟು ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಐಡ್ಲಿಂಗಿನಲ್ಲಿ 22 ಪರ್ಸೆಂಟ್ ಹೆಚ್ಚು ಕೊಡುತ್ತಿತ್ತು. ರೇಸ್ ಮಾಡಿ 2,500 ಆರ್‌ಪಿಎಂಗೆ ತಂದರೆ 6ಕ್ಕೆ ಇಳಿಯಿತು. ಪೆಟ್ರೋಲ್ ಪಂಪ್ ವೀಕ್ ಇದ್ದರೆ ಇದು ಉಲ್ಟಾ ಆಗುತ್ತದೆ. ಆ ಗಾಡಿಗೆ ಒಳಗೆ ಹೋಗುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್ ಇತ್ತು. ಅದನ್ನು ದಾಟಿದ ಮೇಲೆ ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿದೆ ಅಂತ ಅಂದಾಜು ಮಾಡಿದೆ.

ಇಲ್ಲಿಗೆ ಸ್ಕ್ಯಾನರ್ ಕೆಲಸ ಮುಗಿಯಿತು. ಗಾಳಿ ಎಲ್ಲಿಂದ ಬರುತ್ತಿದೆ ಅಂತ ಅದು ಹೇಳುವುದಿಲ್ಲ. ಎಂಜಿನ್ನಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಹಿಂದೆ ಕೈ ತೂರಿಸಿ ಒಂದೊಂದೇ ರಬ್ಬರ್ ಪೈಪ್ ಸವರುತ್ತಾ ಹೋದೆ. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯ (ಫೈರ್‌ವಾಲ್) ಕಡೆ ಇದ್ದ ಒಂದು ಪೈಪ್ ಉಗುರಿನಷ್ಟು ಸೀಳಿತ್ತು. ಬೆರಳಿಟ್ಟು ಮುಚ್ಚಿದ ಕೂಡಲೇ ಎಂಜಿನ್ನಿನ ಸದ್ದು ಬದಲಾಯಿತು. ಆ ಸದ್ದು ಗುರುತಿಸಲು ನನಗೆ ಆರು ವರ್ಷ ಗ್ರೀಸಿನಲ್ಲಿ ಕೈ ಹಾಕಬೇಕಾಯಿತು. ಹಾಗಾಗಿ ಟ್ರೈನಿಂಗ್ ಮುಗಿಸಿ ಬಂದ ಮೇಲೆ ಬೇ, ಅಂದರೆ ಗಾಡಿ ನಿಲ್ಲಿಸಿ ರಿಪೇರಿ ಮಾಡುವ ಜಾಗದ ಕೆಲಸ ಕೇಳು. ಬರಹದಲ್ಲಿ ಕೇಳು. ವಾರಕ್ಕೆ ಎರಡು ದಿನ ಕೊಟ್ಟರೂ ಹಿಡಿದುಕೋ.

ಎಲೆಕ್ಟ್ರಿಕ್ ಕಾರು ಲ್ಯಾಪ್‌ಟಾಪ್ ಕೆಲಸ ಅನ್ನುವುದೂ ತಪ್ಪು. ಕಿತ್ತಳೆ ಬಣ್ಣದ ವೈರಿನಲ್ಲಿ 300 ವೋಲ್ಟಿಗೂ ಮೇಲೆ ಇರುತ್ತದೆ. ಬ್ಯಾಟರಿ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆಯಬೇಕು, ಮ್ಯಾನುವಲ್ ಹೇಳಿದಷ್ಟು ಹೊತ್ತು ಕಾಯಬೇಕು, ಮೀಟರ್ ಹಿಡಿದು ಸೊನ್ನೆ ಬಂತಾ ನೋಡಬೇಕು. ಆಮೇಲೆ ಮುಟ್ಟಬೇಕು. ಬ್ಯಾಟರಿ ಪ್ಯಾಕ್ 200 ಕಿಲೋ ದಾಟುವುದೂ ಉಂಟು. ಅದನ್ನು ಯಾವ ಗಂಡಸೂ ಕೈಯಲ್ಲಿ ಎತ್ತುವುದಿಲ್ಲ, ಲಿಫ್ಟ್ ಟೇಬಲ್ಲೇ ಬೇಕು.

ಗಿರಾಕಿಯ ವಿಷಯ. ಸವೆದ ಬ್ರೇಕ್ ಪ್ಯಾಡ್ ಕೈಯಲ್ಲಿ ಹಿಡಿದು ಅವರ ಮುಂದೆ ಹೋಗು. ಹೊಸದನ್ನೂ ಪಕ್ಕದಲ್ಲಿ ಹಿಡಿ. ವಾದ ಮಾಡಬೇಡ. ನನ್ನನ್ನು ಬೇಡ ಅಂದಿದ್ದ ಧಾರವಾಡದ ಒಬ್ಬ ಮೇಷ್ಟ್ರು ಈಗ ನನ್ನ ರಜೆ ಯಾವತ್ತು ಅಂತ ಕೇಳಿಕೊಂಡೇ ಗಾಡಿ ತರುತ್ತಾರೆ.

ನಿವೃತ್ತ_ಫೋರ್‌ಮನ್, ಭದ್ರಾವತಿ

ಮಗಳೇ, "ಸಂಜೆ ತಡ" ಅನ್ನುವ ಕಾರಣ ಎಲ್ಲಿಂದ ಬಂತು ಅಂತ ಹೇಳುತ್ತೇನೆ. 1948ರ ಫ್ಯಾಕ್ಟರಿ ಕಾಯ್ದೆಯ 66ನೇ ಸೆಕ್ಷನ್ ಹೆಂಗಸರ ಕೆಲಸವನ್ನು ಬೆಳಗ್ಗೆ 6ರಿಂದ ಸಂಜೆ 7ರ ಒಳಗೆ ಇಟ್ಟಿತ್ತು. 22ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ. ಓಡುತ್ತಿರುವ ಯಂತ್ರಕ್ಕೆ ಎಣ್ಣೆ ಬಿಡಬಾರದವರ ಸಾಲಿನಲ್ಲಿ ಹೆಂಗಸರನ್ನೂ ಚಿಕ್ಕ ಹುಡುಗರನ್ನೂ ಒಟ್ಟಿಗೆ ಕೂರಿಸಿತ್ತು. ನಾನು ಮೂವತ್ತು ವರ್ಷ ಇದನ್ನು ಪ್ರಶ್ನೆ ಮಾಡದೆ ಪಾಲಿಸಿದೆ. ಈಗ ಬೇಜಾರಾಗುತ್ತದೆ. 2019ರಲ್ಲಿ ನಮ್ಮ ರಾಜ್ಯದಲ್ಲಿ ಕಾರ್ಖಾನೆಗಳಲ್ಲಿ ಹೆಂಗಸರು ಒಪ್ಪಿದರೆ ರಾತ್ರಿ ಪಾಳಿಗೂ ಅವಕಾಶ ಕೊಟ್ಟರು. ಓಡಾಟಕ್ಕೆ ಗಾಡಿ, ಸುರಕ್ಷತೆ ಮಾಲೀಕರ ಹೊಣೆ. ನಿಮ್ಮ ಮ್ಯಾನೇಜರ್ ಹೇಳುವುದು ಸಂಜೆ ಏಳೂವರೆಯ ಮಾತು ತಾನೇ?

ಇನ್ನೊಂದು. 1974ರಲ್ಲಿ ಟೆಲ್ಕೋ (ಈಗಿನ ಟಾಟಾ ಮೋಟಾರ್ಸ್) ಜಾಹೀರಾತಿನಲ್ಲಿ ಹೆಂಗಸರು ಅರ್ಜಿ ಹಾಕಬೇಕಿಲ್ಲ ಅಂತಲೇ ಅಚ್ಚಾಗಿತ್ತು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಮೂರ್ತಿಯವರು ಜೆಆರ್‌ಡಿ ಟಾಟಾ ಅವರಿಗೇ ಒಂದು ಪೋಸ್ಟ್‌ಕಾರ್ಡ್ ಬರೆದರು. ಪುಣೆಗೆ ಇಂಟರ್‌ವ್ಯೂಗೆ ಕರೆ ಬಂತು, ಕೆಲಸವೂ ಸಿಕ್ಕಿತು. ಬರಹದಲ್ಲಿ ಕೇಳು ಅಂತ ಹುಬ್ಬಳ್ಳಿಯ ತಂಗಿ ಹೇಳಿದ್ದು ಸರಿಯಾಗಿದೆ.

ದುರ್ಗದ_ಗ್ಯಾರೇಜ್

ನಾನು ಚಿತ್ರದುರ್ಗದಲ್ಲಿ ಗ್ಯಾರೇಜ್ ಇಟ್ಟಿದ್ದೇನೆ. ಎರಡು ವರ್ಷದ ಹಿಂದೆ ನಿಮ್ಮ ಹಾಗೇ ಐಟಿಐ ಮುಗಿಸಿದ ಹುಡುಗಿ ಕೆಲಸ ಕೇಳಿಕೊಂಡು ಬಂದಿದ್ದಳು. ಭಾರದ ಕೆಲಸಮ್ಮ ಅಂತ ಕಳಿಸಿಬಿಟ್ಟೆ. ನಿಜವಾದ ಕಾರಣ ಭಾರ ಅಲ್ಲ. ನನ್ನ ಗ್ಯಾರೇಜಿನಲ್ಲಿ ಟಾಯ್ಲೆಟ್ ಇರಲಿಲ್ಲ. ಹುಡುಗರು ಹಿಂದಿನ ಖಾಲಿ ಸೈಟಿಗೆ ಹೋಗುತ್ತಿದ್ದರು. ಅದನ್ನು ಅವಳ ಮುಂದೆ ಹೇಳಲು ನಾಚಿಕೆಯಾಗಿ ಅವಳ ಶಕ್ತಿಯ ಮೇಲೆ ಹಾಕಿದೆ. ಆಮೇಲೆ ಎಷ್ಟೋ ದಿನ ಅದು ಮನಸ್ಸಿನಲ್ಲಿ ಉಳಿಯಿತು. ಕಳೆದ ದೀಪಾವಳಿಗೆ ಟಾಯ್ಲೆಟ್ ಕಟ್ಟಿಸಿದ್ದೇನೆ, ಬಟ್ಟೆ ಬದಲಾಯಿಸಲು ಒಂದು ಕೋಣೆ ಕೂಡ. ಹಾಸನ ಬಿಟ್ಟು ಬರುವ ಮನಸ್ಸಿದ್ದರೆ ತಿಳಿಸಿ ತಂಗಿ. ಎಂಜಿನ್ ಕೆಲಸವನ್ನೇ ಕೊಡುತ್ತೇನೆ.

ಹಾಸನ_ಟ್ರೈನಿ

ಎಲ್ಲರಿಗೂ ಥ್ಯಾಂಕ್ಸ್. ಓದುತ್ತಾ ಅತ್ತುಬಿಟ್ಟೆ. ದುರ್ಗದ ಅಣ್ಣ, ನಿಮ್ಮ ಮಾತು ನೆನಪಿಟ್ಟುಕೊಂಡಿರುತ್ತೇನೆ. ಇವತ್ತು ಮಧ್ಯಾಹ್ನ ಪತ್ರ ಕೊಟ್ಟೆ: ಟ್ರೈನಿಂಗಿಗೆ ಹೋಗುತ್ತೇನೆ, ಬಂದ ಮೇಲೆ ನನ್ನನ್ನು ಬೇ ಕೆಲಸಕ್ಕೆ ಹಾಕಬೇಕು ಅಂತ. ಮ್ಯಾನೇಜರ್ ಓದಿ, "ನೋಡೋಣ" ಅಂದು ಡ್ರಾಯರಿಗೆ ಹಾಕಿದರು. ನನ್ನ ಹತ್ತಿರ ಒಂದು ಕಾಪಿ ಇದೆ, ತಾರೀಖು ಹಾಕಿದ್ದೇನೆ.

ಅಕ್ಕ, ಒಂದು ಕೇಳಬೇಕಿತ್ತು. ನಮ್ಮಲ್ಲಿರುವ ಹೈವೋಲ್ಟೇಜ್ ಗ್ಲೌಸ್ ಹಾಕಿ ನೋಡಿದೆ. ಬೆರಳ ತುದಿ ಖಾಲಿ ಖಾಲಿ, ಬೋಲ್ಟ್ ಹಿಡಿಯಲು ಆಗಲಿಲ್ಲ. ಹುಡುಗರು ನಕ್ಕರು.

ಪಾನಾ_ಅಕ್ಕ, ಹುಬ್ಬಳ್ಳಿ

ಅದು ಗ್ಲೌಸಿನ ತಪ್ಪು, ನಿನ್ನ ಕೈಯದಲ್ಲ. ಗಂಡಸರ ಅಳತೆಯದೊಂದೇ ತರಿಸಿರುತ್ತಾರೆ. ಟೇಪ್ ತಗೊಂಡು ಹೆಬ್ಬೆರಳು ಬಿಟ್ಟು ಅಂಗೈ ಸುತ್ತಲೂ ಅಳೆ. ಎಷ್ಟು ಇಂಚು ಬರುತ್ತದೋ ಅದೇ ಸೈಜು. ಒಳಗೆ ಕಾಟನ್ ಗ್ಲೌಸ್ ಹಾಕುವುದಾದರೆ ಸ್ವಲ್ಪ ದೊಡ್ಡದು ಕೇಳು. ಕ್ಲಾಸ್ 0 ಅಂತ ಬರೆದಿರಲಿ, ಅದು 1,000 ವೋಲ್ಟಿನದು. ಪ್ರತಿ ಸಲ ಹಾಕುವ ಮುಂಚೆ ಗ್ಲೌಸಿನ ಬಾಯಿ ಕಡೆಯಿಂದ ಸುರುಳಿ ಸುತ್ತಿ ಗಾಳಿ ಒಳಗೆ ಹಿಡಿದು ಅದುಮಿ ನೋಡು. ಗಾಳಿ ಸೋರಿದರೆ ಆ ಗ್ಲೌಸ್ ಮುಟ್ಟಬೇಡ. ಅಳತೆ ಎಷ್ಟು ಬಂತು ಅಂತ ಇಲ್ಲೇ ಬರೆ.

ಹಾಸನ_ಟ್ರೈನಿ

ಏಳೂವರೆ ಇಂಚು ಬಂತು ಅಕ್ಕ. 8 ಅಂತ ಇಂಡೆಂಟ್ ಬರೆದು ಸ್ಟೋರಿಗೆ ಕೊಟ್ಟಿದ್ದೇನೆ.