ಬಾಬ್ ಡೋಲ್ ಬಗ್ಗೆ ಒಂದು ಪುಟ ಬರೀಬೇಕು, ಎಲ್ಲಿಂದ ಶುರು ಮಾಡಲಿ?

ಗೋಧಿಹೊಲ: ಅಮೆರಿಕದ ಕ್ಯಾನ್ಸಸ್‌ನಲ್ಲಿದ್ದೇನೆ. ನಮ್ಮ ಕನ್ನಡ ಕೂಟದ ಪತ್ರಿಕೆಗೆ ಇಲ್ಲಿನ ಬಾಬ್ ಡೋಲ್ ನೆನಪಿನಲ್ಲಿ ಬರೆಯಲು ಹೇಳಿದ್ದಾರೆ. 1951ರಲ್ಲಿ ರಾಜ್ಯದ ಶಾಸಕ, ಆಮೇಲೆ ಸೆನೆಟರ್, 1996ರಲ್ಲಿ ಅಧ್ಯಕ್ಷ ಚುನಾವಣೆ ಸೋತರು, 2021ರಲ್ಲಿ 98ನೇ ವಯಸ್ಸಿಗೆ ತೀರಿಕೊಂಡರು. ಇಷ್ಟೇ ಬರೆದರೆ ಬಯೋಡೇಟಾ ಆಗುತ್ತೆ ಅಲ್ವಾ?

ಸಂಜೆಕಾಫಿ: ಹುದ್ದೆಗಳನ್ನು ಬಿಡಿ, ಕೈಯಿಂದ ಶುರು ಮಾಡಿ. ಎರಡನೇ ಮಹಾಯುದ್ಧದಲ್ಲಿ, 1945ರ ಏಪ್ರಿಲ್‌ನಲ್ಲಿ ಇಟಲಿಯಲ್ಲಿ ಗಾಯವಾದ ಮೇಲೆ ಬಲಗೈ ಸರಿಹೋಗಲೇ ಇಲ್ಲ. ಯಾರೂ ಆ ಕೈ ಕುಲುಕಬಾರದು ಅಂತ ಅದರಲ್ಲಿ ಯಾವಾಗಲೂ ಒಂದು ಪೆನ್ ಹಿಡಿದಿರುತ್ತಿದ್ದರು. ಆಪರೇಷನ್ ಖರ್ಚಿಗೆ ಅವರ ಹುಟ್ಟೂರು ರಸೆಲ್‌ನ ಜನ ಔಷಧಿ ಅಂಗಡಿಯಲ್ಲಿ ಸಿಗಾರ್ ಡಬ್ಬಿ ಇಟ್ಟು ಚಿಲ್ಲರೆ ಕೂಡಿಸಿದ್ದರು. ಆ ಡಬ್ಬಿಯನ್ನು ಅವರು ವರ್ಷಗಟ್ಟಲೆ ಜೋಪಾನ ಮಾಡಿದ್ದರು.

ಹಳೇಫೌಜಿ: ಇನ್ನೊಬ್ಬ ಸೆನೆಟರ್ ಡೇನಿಯಲ್ ಇನೋಯೆ ವಿಷಯ ಮರೀಬೇಡಿ ಸಾರ್. ಹವಾಯಿಯವರು, ಅದೇ ಇಟಲಿಯಲ್ಲಿ, ಅದೇ ತಿಂಗಳಲ್ಲಿ ಬಲಗೈ ಕಳೆದುಕೊಂಡವರು. ಇಬ್ಬರೂ ಮಿಶಿಗನ್‌ನ ಒಂದೇ ಮಿಲಿಟರಿ ಆಸ್ಪತ್ರೆಯಲ್ಲಿದ್ದರು, ಪಕ್ಷ ಮಾತ್ರ ಬೇರೆ ಬೇರೆ. 2012ರಲ್ಲಿ ಇನೋಯೆ ತೀರಿಕೊಂಡಾಗ 89ರ ಡೋಲ್ ಗಾಲಿಕುರ್ಚಿಯಿಂದ ಎದ್ದು, ಇನ್ನೊಬ್ಬರ ಆಸರೆಯಲ್ಲಿ ಶವಪೆಟ್ಟಿಗೆ ಹತ್ತಿರ ನಡೆದು ಎಡಗೈಯಲ್ಲಿ ಸೆಲ್ಯೂಟ್ ಹೊಡೆದರು. ನಾನೂ ಸೇನೆಯಲ್ಲಿದ್ದವನು, ಎಡಗೈ ಸೆಲ್ಯೂಟ್ ನೋಡಿ ಗಂಟಲು ಕಟ್ಟಿತು.

ನೇರಮಾತು: ಕಣ್ಣೀರೇ ಜಾಸ್ತಿ ಆಯ್ತು. 1990ರ ಅಂಗವಿಕಲರ ಹಕ್ಕುಗಳ ಕಾನೂನಿಗೆ ಅವರು ದುಡಿದದ್ದನ್ನೂ ಬರೆಯಿರಿ. ಮಾತು ಬಲು ಚುರುಕು, ಸುಮ್ನೆ ಸಂತನ ತರ ತೋರಿಸಬೇಡಿ.

ಗೋಧಿಹೊಲ: ಡಬ್ಬಿಯಿಂದಲೇ ಶುರು ಮಾಡ್ತೀನಿ. ರಸೆಲ್‌ಗೆ ಹೋಗಿಬರಬೇಕು ಅನ್ನಿಸ್ತಿದೆ, ಯಾರಾದರೂ ಬರ್ತೀರಾ?